ರಾಜೀವಿ ಅತ್ತೆಯ ತಾಳ

ಹಾಡುವವರು ತಪ್ಪಿದರೆ ಪಕ್ಕದಲ್ಲಿ ಪಿಟೀಲು ಹಿಡಿದು ಕೂತವರೂ ತಪ್ಪಬೇಕು. ನಗಬೇಡಿ, ನಿಜಕ್ಕೂ ಇದೊಂದು ಕ್ರಮ. ಕಚೇರಿಯಲ್ಲಿ ದೊಡ್ಡ ವಿದ್ವಾಂಸರೊಬ್ಬರು ತಾಳದಲ್ಲಿ ಒಂದು ಪೆಟ್ಟು ಜಾರಿದರು ಅಂದುಕೊಳ್ಳಿ. ಪಿಟೀಲಿನವರು ಸರಿಯಾದ ಜಾಗದಲ್ಲೇ ಗಟ್ಟಿಯಾಗಿ ನಿಂತುಬಿಟ್ಟರೆ ಆ ಜಾರಿದ್ದು ಇಡೀ ಸಭೆಗೆ ಕೇಳಿಸುತ್ತದೆ. ಅವರೂ ಜೊತೆಗೆ ಜಾರಿದರೆ ಯಾರಿಗೂ ಕೇಳಿಸುವುದಿಲ್ಲ. ಬಿದ್ದವರನ್ನು ಎತ್ತುವ ಕೆಲಸವಲ್ಲ ಇದು. ತಾನೂ ಪಕ್ಕದಲ್ಲೇ ಬಿದ್ದು, ಇಬ್ಬರೂ ಬೇಕೆಂದೇ ಕೂತಿದ್ದೇವೆ ಎಂದು ತೋರಿಸುವ ಕೆಲಸ. ನನ್ನ ಅಪ್ಪನ ತಂಗಿ ರಾಜೀವಿ ಅತ್ತೆ ಇದರಲ್ಲಿ ಎಷ್ಟು ಹುಷಾರಾಗಿದ್ದಳೆಂದರೆ, ಅವಳ ಸಂಗೀತ ಮುಗಿದದ್ದೇ ಅದರಿಂದ.

ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲಾಟಿಗೆ ಬರುವವರಿಗೆ ಅವಳು ಅಂಬಲಮುಗಳಿನ ಕಂಟ್ರಾಕ್ಟರ್ ಆಫೀಸಿನ ರಾಜೀವಿ ಮೇಡಂ. ಬಸ್ಸಿನಲ್ಲಿ ‘ಚೇಚಿ, ಇರಿಕ್ಕೂ’ ಎಂದು ಹುಡುಗರು ಎದ್ದು ಸೀಟು ಬಿಡುತ್ತಾರೆ. ಅವಳ ಎಡಗೈಯ ಬೆರಳ ತುದಿಗಳಲ್ಲಿ ಒಂದು ಕಾಲದಲ್ಲಿ ತಂತಿ ಕೊರೆದ ಗೆರೆಗಳಿದ್ದವು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅವಳು ಹೇಳುವವಳೂ ಅಲ್ಲ. ನನಗೆ ಹೇಳಿದ್ದು ಮೇಧಾ. ಆ ಕಾಲದ ಅವಳ ಕೋಣೆಯ ಜೊತೆಗಾತಿ, ಈಗಲೂ ಊರೂರಿನ ಕಚೇರಿಗಳಲ್ಲಿ ಪಿಟೀಲು ನುಡಿಸುವವಳು. ಕೆಲವು ಅಜ್ಜ ಹೇಳಿದ್ದು, ಆದರೆ ಅಜ್ಜ ಹೇಳಿದ್ದು ಬೇರೆ ಕಥೆ. ಕೊನೆಗೆ ಬರುತ್ತೇನೆ.

ಅಜ್ಜ ಕೃಷ್ಣಾನಂದರು ಉಡುಪಿ ಕಡೆಯವರು. ಬ್ಯಾಂಕಿನ ವರ್ಗಾವಣೆಯಲ್ಲಿ ಇದೇ ಕೊಚ್ಚಿಯ ಪಾಲಾರಿವಟ್ಟಂ ಶಾಖೆಗೆ ಬಂದವರು ಅಲ್ಲಿಯೇ ಒಂದು ಮನೆ ಹಿಡಿದು ನಿಂತರು. ಅತ್ತೆ ಅಲ್ಲಿಯೇ ಬಿ.ಕಾಂ. ಮುಗಿಸಿದಳು, ಅಲ್ಲಿಯೇ ಪಿಟೀಲು ಕಲಿತಳು. ತೊಂಬತ್ತಾರರ ಬೇಸಿಗೆಯ ಮೊದಲು ತಿರುವನಂತಪುರದಿಂದ ಒಂದು ಸುದ್ದಿ ಬಂತು. ಕೋಟೆಯೊಳಗಿನ ಒಂದು ಬೀದಿಯ ಮನೆಗಳವರು ಸೇರಿ ನಡೆಸುವ ಸಂಗೀತ ಕೂಟವೊಂದು ಎಳೆಯ ಪಿಟೀಲು ವಾದಕರಿಗೆ ಮೂರು ತಿಂಗಳ ವಸತಿ ಶಿಬಿರ ಇಡುತ್ತದೆ. ನಾಲ್ಕು ಜನರಿಗೆ ಜಾಗ. ಉಳಿಯಲು ಒಂದು ಹಳೆಯ ಮನೆ, ಊಟ ಬೀದಿಯ ಮನೆಗಳಿಂದ ಸರದಿಯಲ್ಲಿ. ಬದಲಿಗೆ ಇವರು ಬೀದಿಗೆ ನುಡಿಸಬೇಕು. ಸೀಮಂತ ಇರಲಿ, ಶಾಲೆಯ ಕಾರ್ಯಕ್ರಮ ಇರಲಿ, ವಾಯನಶಾಲೆಯಲ್ಲಿ ಪುಸ್ತಕ ಓದುವವರ ವಾರ್ಷಿಕೋತ್ಸವ ಇರಲಿ, ಕರೆದಲ್ಲಿಗೆ ಹೋಗಬೇಕು. ಕಡೆಯಲ್ಲಿ ಒಬ್ಬರನ್ನು ಎರಡು ವರ್ಷಕ್ಕೆ ಅಲ್ಲೇ ಇಟ್ಟುಕೊಳ್ಳುತ್ತಾರೆ. ಬೀದಿಯ ಮಕ್ಕಳಿಗೆ ಪಾಠ ಹೇಳುವುದು, ಕೂಟದ ಕಚೇರಿಗಳಿಗೆಲ್ಲ ಪಕ್ಕವಾದ್ಯ ನುಡಿಸುವುದು. ಅಲ್ಲಿಂದ ಹೊರಗೆ ಬಂದವರಿಗೆ ಕಚೇರಿಗೆ ಬರವಿಲ್ಲ.

ಅತ್ತೆ ಆಯ್ಕೆಯಾದಳು. ಅಜ್ಜ ಕಾಫಿ ಲೋಟ ಕೆಳಗಿಟ್ಟು ಹೇಳಿದರು.

“ಮೂರು ತಿಂಗಳು ಇರ್ಲಿಕ್ಕೆ ನಂದು ಅಡ್ಡಿ ಇಲ್ಲ. ಕಡೆಗೆ ಇಟ್ಟುಕೊಳ್ಳುದು ನಿನ್ನನ್ನೇ ಆದ್ರೆ ಪಿಟೀಲೇ ಮಾಡು, ನಾನು ಚಕಾರ ಎತ್ತುದಿಲ್ಲ. ಅಲ್ಲದಿದ್ರೆ ಜೂನಿಗೆ ಅಂಬಲಮುಗಳ್. ರಿಫೈನರಿಗೆ ಪೈಪ್ ಹಾಕುವ ಕಂಟ್ರಾಕ್ಟರ್ ಒಬ್ಬರು ನಮ್ಮ ಶಾಖೆಗೆ ಬರ್ತಾರೆ, ಅವರ ಆಫೀಸಿಗೆ ಜನ ಬೇಕಂತೆ. ನಾನು ಮಾತು ಕೊಟ್ಟಾಗಿದೆ.”

“ಮಾತು ಕೊಡುವ ಮೊದಲು ನನ್ನತ್ರ ಕೇಳ್ಲಿಕ್ಕೆ ಇಲ್ವಾ?”

“ಕೇಳ್ತಾ ಇದ್ದೇನಲ್ಲ ಈಗ.”

“ಇದು ಕೇಳುದಾ ಅಪ್ಪ?”

“ಮತ್ತೆಂತ, ಪಿಟೀಲು ಬಾರಿಸಿಕೊಂಡು ಕೇಳ್ಬೇಕಾ?”

ಅತ್ತೆ ನಕ್ಕಳಂತೆ. ಆ ಎರಡು ವರ್ಷ ತನಗೇ ಸಿಗುತ್ತದೆ ಎಂದು ಅವಳಿಗೆ ಅಷ್ಟು ಧೈರ್ಯ.

ಶಿಬಿರ ನಡೆಸುತ್ತಿದ್ದವರು ವಿಶ್ವೇಶ್ವರರು. ಮೈಸೂರಿನವರು, ಕೇಂದ್ರ ಸರ್ಕಾರದ ಯಾವುದೋ ಆಫೀಸಿನಲ್ಲಿದ್ದು ನಿವೃತ್ತರಾಗಿ ತಿರುವನಂತಪುರದಲ್ಲೇ ಉಳಿದವರು. ಆಫೀಸಿನಲ್ಲಿ ಏನಾಗಿದ್ದರೋ ಯಾರಿಗೂ ನೆನಪಿಲ್ಲ. ಬೀದಿಗೆ ಅವರು ಹಾಡುವ ವಿಶ್ವೇಶ್ವರರು, ‘ಭಾಗವತರ್’. ಆ ಕೂಟಕ್ಕೆ ಜನ ಕೈ ಬಿಚ್ಚುತ್ತಿದ್ದುದೇ ಅವರ ಮುಖ ನೋಡಿ. ಮೃದಂಗಕ್ಕೆ ಅದೇ ಬೀದಿಯ ಅಚ್ಯುತ ಮಾಷ್. ಅಲ್ಲಿ ಮೇಷ್ಟರಿಗೆ ಮಾಷ್ ಎನ್ನುತ್ತಾರೆ. ಮಾತು ಕಡಿಮೆ, ಕೈ ಬಂಗಾರ.

ಮೇಧಾ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿಯೊಬ್ಬರ ಮಗಳು, ಬೆಂಗಳೂರಿನವರು. ಈಗಿನ ಮನೆ ತಿರುವನಂತಪುರದಲ್ಲೇ ಇದ್ದರೂ ಶಿಬಿರದಲ್ಲೇ ಇರಬೇಕೆಂಬ ನಿಯಮಕ್ಕೆ ಹಾಸಿಗೆ ಹೊತ್ತು ಬಂದವಳು. ಮೊದಲ ದಿನವೇ ಅತ್ತೆಗೆ ತನ್ನ ಪರಿಚಯ ಮಾಡಿಕೊಂಡದ್ದು ಹೀಗೆ:

“ನಮ್ಮಪ್ಪ ಆಫೀಸಲ್ಲಿ ರಾಕೆಟ್ ಬಿಡ್ತಾರೆ, ನಾನು ಇಲ್ಲಿ ಶ್ರುತಿ ಬಿಡ್ತೀನಿ. ನೀನು ಏನು ಬಿಡ್ತೀಯಾ?”

“ನಾನು ಎಂತದೂ ಬಿಡುದಿಲ್ಲ ಮಾರಾಯ್ತಿ. ಬಿಟ್ರೆ ಅಂಬಲಮುಗಳ್.”

ಬೆಳಗ್ಗೆ ಪಾಠ, ಮಧ್ಯಾಹ್ನ ಅಭ್ಯಾಸ. ಸಂಜೆ ಮುಂದಿನ ಜಗಲಿಯ ಬಾಗಿಲು ತೆರೆದಿಡುತ್ತಿದ್ದರು. ತರಕಾರಿ ಚೀಲದವರು, ಆಫೀಸು ಬಿಟ್ಟು ಬಂದವರು, ಮಗುವನ್ನು ಸೊಂಟದಲ್ಲಿಟ್ಟುಕೊಂಡವರು ಬಂದು ಕೂತು ಕೇಳುತ್ತಿದ್ದರು. ಒಬ್ಬ ಅಜ್ಜಿ ಪ್ರತಿದಿನ ಬಂದು ಸಿನಿಮಾ ಹಾಡನ್ನೇ ಕೇಳುತ್ತಿದ್ದರಂತೆ. ಮೇಧಾ ಕಣ್ಣು ಮಿಟುಕಿಸಿ ನುಡಿಸುತ್ತಿದ್ದಳು. ವಿಶ್ವೇಶ್ವರರು ಒಳಗಿನಿಂದ ಕೆಮ್ಮುತ್ತಿದ್ದರು. ಎದುರುಮನೆಯಿಂದ ಪುಟ್ಟು-ಕಡಲೆ ಬಂದ ದಿನ ನಾಲ್ಕು ಜನರೂ ಅಭ್ಯಾಸಕ್ಕೆ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದರು. ಅತ್ತೆಯ ಬದುಕಿನಲ್ಲಿ ಅಂಥ ಮೂರು ತಿಂಗಳು ಇನ್ನೊಮ್ಮೆ ಬರಲಿಲ್ಲ ಎಂದು ಮೇಧಾ ಹೇಳುತ್ತಾಳೆ. ನಾನು ನೋಡಿದ ಅತ್ತೆಯನ್ನು ನೆನೆದರೆ ಅದು ಹೌದು.

ಪಾಠಗಳಲ್ಲಿ ಒಂದು ವಿಚಿತ್ರ ಪಾಠವಿತ್ತು. ವಿಶ್ವೇಶ್ವರರು ತೊಡೆಯ ಮೇಲೆ ತಾಳ ಹಾಕುತ್ತ ಹೇಳುತ್ತಿದ್ದರು.

“ಈಗ ನಾನು ಸ್ವರ ಹಾಡ್ತಾ ಹಾಡ್ತಾ ಎಲ್ಲೋ ಒಂದು ಕಡೆ ತಪ್ತೀನಿ. ಎಲ್ಲಿ ಅಂತ ಹೇಳಲ್ಲ. ನೀವು ನನ್ ಜೊತೆ ಬರ್ಬೇಕು.”

ಗೊತ್ತಿಲ್ಲದವರಿಗೆ ಒಂದು ಮಾತು. ಸ್ವರ ಹಾಡುವುದೆಂದರೆ ಹಾಡಿನ ಸಾಲಿನಿಂದ ಹೊರಗೆ ಹೋಗಿ ಸುತ್ತಾಡಿ, ಮತ್ತೆ ಆ ಸಾಲಿಗೆ ಬಂದು ಸೇರುವುದು. ಸೇರುವ ಜಾಗ ತಾಳದಲ್ಲಿ ಗೊತ್ತಾದ ಜಾಗ, ಕೂದಲೆಳೆಯಷ್ಟೂ ಅತ್ತಿತ್ತ ಆಗಬಾರದು. ಹಾಡುವವರು ಒಮ್ಮೆ ಹೋಗಿ ಬರುತ್ತಾರೆ, ಆಮೇಲೆ ಪಿಟೀಲಿನವರು ಒಮ್ಮೆ. ತಾಳ ನಡೆಯುವುದು ಹಾಡುವವರ ಕೈಯಲ್ಲಿ. ಆ ಕೈ ಒಂದು ಪೆಟ್ಟು ಕಳೆದುಕೊಂಡರೆ ಸೇರುವ ಜಾಗವೂ ಒಂದು ಪೆಟ್ಟು ಸರಿಯುತ್ತದೆ.

ವಿಶ್ವೇಶ್ವರರು ಬೇಕೆಂದೇ ತಪ್ಪಿದರು. ಮೇಧಾ ಮಾತ್ರ ಸರಿಯಾದ ಜಾಗಕ್ಕೇ ಬಂದು ಸೇರಿದಳು.

“ಏನಮ್ಮ, ನಾನು ಆ ಕಡೆ ಹೋದ್ರೆ ನೀನು ಈ ಕಡೆ ನಿಂತ್ಕೊಂಡು ಕೈ ಬೀಸ್ತಿದೀಯಲ್ಲ!”

“ಸಾರ್, ನೀವು ಹೋದ ಕಡೆ ದಾರೀನೇ ಇಲ್ಲ.”

“ಇಲ್ದಿದ್ರೆ ನೀನು ಮಾಡ್ಬೇಕು. ಇಲ್ದೇ ಇರೋ ದಾರೀನ ಇದೆ ಅನ್ನೋ ಹಾಗೆ ತೋರಿಸ್ಬೇಕು. ಹಾಡೋವ್ರ ಮಾನ ಇರೋದು ನಿಮ್ ಕೈಲಿ.” ಆಮೇಲೆ ಅತ್ತೆಯ ಕಡೆ ತಿರುಗಿ, “ನೀನು ಬಾ ಮಗೂ.”

ಅತ್ತೆ ಅವರ ಜೊತೆ ಜಾರಿದಳು, ಕಣ್ಣೆವೆ ಅಲುಗದಂತೆ. ಅವರ ಕೈ ಜಾರುವ ಕ್ಷಣ ಅವಳಿಗೆ ಮೊದಲೇ ವಾಸನೆ ಹೊಡೆಯುತ್ತಿತ್ತು. ವಿಶ್ವೇಶ್ವರರು ಮುಖವಿಡೀ ನಕ್ಕು ಇನ್ನೊಂದು ಮಾತು ಸೇರಿಸಿದರು.

“ಒಂದ್ಸಲ ನನ್ ಜೊತೆ ಬಂದ್ಮೇಲೆ ತಲೆ ಎತ್ಬಾರ್ದು. ತಲೆ ಎತ್ತಿ ನನ್ ಕೈ ನೋಡಿದ್ಯೋ, ಮುಂದಿನ ಸಾಲ್ನವ್ರಿಗೆ ಅನುಮಾನ ಬರುತ್ತೆ. ಕಣ್ಮುಚ್ಚಿ ನಂಬಿ ನುಡಿಸ್ಬೇಕು. ಗೊತ್ತಾಯ್ತಾ?”

“ಗೊತ್ತಾಯ್ತು ಸಾರ್.”

ಸ್ವಲ್ಪ ದಿನ ಕಳೆದ ಮೇಲೆ ವಾಯನಶಾಲೆಯ ವಾರ್ಷಿಕೋತ್ಸವದಲ್ಲಿ ವಿಶ್ವೇಶ್ವರರು ಹಾಡಿದರು, ಅತ್ತೆ ನುಡಿಸಿದಳು. ಅಲ್ಲಿ ಅವರು ತಪ್ಪಿದರು. ಪಾಠಕ್ಕೆಂದು ಅಲ್ಲ, ನಿಜವಾಗಿಯೇ. ಅತ್ತೆ ಜೊತೆಗೆ ಹೋದಳು. ಅಚ್ಯುತ ಮಾಷರ ಮೃದಂಗವೂ ಹಿಂದೆಯೇ ಬಂದು ಸೇರಿತು. ಜನ ಚಪ್ಪಾಳೆ ತಟ್ಟಿದರು. ಚಹಾದ ಹೊತ್ತಿಗೆ ವಿಶ್ವೇಶ್ವರರು ತಮ್ಮ ಎಲೆಯ ಪಳಂಪೊರಿಯನ್ನು, ಆ ಬಾಳೆಹಣ್ಣಿನ ಬಜ್ಜಿಯನ್ನು, ಎತ್ತಿ ಅವಳ ಎಲೆಗೆ ಹಾಕಿದರು. ಆಮೇಲೆ ಒಂದು ಸೀಮಂತದ ಮನೆಯಲ್ಲೂ ಹಾಗೇ ಆಯಿತು.

ಕೋಣೆಯಲ್ಲಿ ಮೇಧಾ ಬಟ್ಟೆ ಮಡಚುತ್ತ ಹೇಳಿದಳು. “ಮುದುಕಪ್ಪಂಗೆ ತಾಳ ಜಾರ್ತಿದೆ ಕಣೇ. ಪಾಠಾನೂ ಇಲ್ಲ ಗೀಠಾನೂ ಇಲ್ಲ. ನಿನ್ನನ್ನ ತಿದ್ದಿ ತೀಡಿ ಊರುಗೋಲು ಮಾಡ್ಕೋತಿದಾರೆ.”

“ಹಾಗೆಲ್ಲ ಹೇಳ್ಬೇಡ. ಅವರಿಗೆ ವಯಸ್ಸಾಯ್ತಲ್ಲ.”

“ನಿಂಗೆ ವಯಸ್ಸಾಗಲ್ವಾ? ಆ ಎರಡು ವರ್ಷ ಬೇಕು ತಾನೆ ನಿಂಗೆ?”

“ಬೇಕು. ಅದಕ್ಕೇ ಹೇಳುದು. ಅವರಿಗೆ ಪಕ್ಕವಾದ್ಯ ಬೇಕಾದ್ರೆ ನನ್ನನ್ನು ಬಿಟ್ಟು ಯಾರನ್ನು ಇಟ್ಟುಕೊಳ್ತಾರೆ?”

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆಯ್ಕೆ ಮಾಡುವವರು ಅವರಲ್ಲ. ಕಡೆಯ ನಾಲ್ಕು ಸಂಜೆ ನಾಲ್ಕು ಕಚೇರಿ. ಪ್ರತಿ ಸಂಜೆ ವಿಶ್ವೇಶ್ವರರು ಹಾಡುವುದು, ಒಬ್ಬೊಬ್ಬರು ಪಿಟೀಲು ನುಡಿಸುವುದು. ಹೊರಗಿನಿಂದ ಕರೆಸಿದ ಮೂವರು ಹಿರಿಯರು ಮುಂದಿನ ಸಾಲಿನಲ್ಲಿ ಕೂತು ಕೇಳಿ ತೀರ್ಮಾನ ಹೇಳುವುದು.

ಮೇಧಾಳ ಸಂಜೆ ವಿಶ್ವೇಶ್ವರರ ಕೈ ಒಮ್ಮೆ ಜಾರಿತು. ಮೇಧಾ ತನ್ನ ಸರದಿಯಲ್ಲಿ ಸೀದಾ ಸರಿಯಾದ ಜಾಗಕ್ಕೆ ಬಂದು ಸೇರಿದಳು. ವಿಶ್ವೇಶ್ವರರು ಹಳೆಯ ಹುಲಿ. ಅವಳ ಜಾಗ ಹಿಡಿದು ತಾವೂ ಅಲ್ಲಿಗೇ ಬಂದರು, ಬಂದು ‘ಭಲೇ’ ಎಂದರು, ಇದೆಲ್ಲ ಇಬ್ಬರ ಆಟ ಎಂಬಂತೆ. ಸಭೆ ಚಪ್ಪಾಳೆ ಹೊಡೆಯಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು.

ಅತ್ತೆಯದು ಕಡೆಯ ಸಂಜೆ. ಅಜ್ಜ ರಜೆ ಹಾಕಿ ಕೊಚ್ಚಿಯಿಂದ ರೈಲಿನಲ್ಲಿ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದರು. ಮೊದಲಿನ ಎರಡು ಹಾಡು ಚೆನ್ನಾಗಿ ಹೋಯಿತು. ಅತ್ತೆ ಒಂದು ರಾಗ ನುಡಿಸಿ ಬಿಲ್ಲು ಇಳಿಸಿದಾಗ ಮೂವರಲ್ಲಿ ಒಬ್ಬರು ‘ಆಹಾ’ ಎಂದದ್ದು ಹಿಂದಿನ ಸಾಲಿನಲ್ಲಿದ್ದ ಮೇಧಾಳಿಗೂ ಕೇಳಿಸಿತ್ತು. “ಆಗ ನಂಗೆ ಹೊಟ್ಟೆಯೆಲ್ಲ ಉರೀತು ಕಣೋ, ಮುಗೀತು, ಅವಳದೇ ಅಂದ್ಕೊಂಡೆ,” ಎಂದಳು ನನ್ನ ಹತ್ತಿರ.

ದೊಡ್ಡ ಹಾಡು ಬಂತು. ಸ್ವರ ಶುರುವಾಯಿತು. ವಿಶ್ವೇಶ್ವರರು ದೂರ ಹೋದರು, ತುಂಬ ದೂರ, ಬರುವಾಗ ಕೈಯಲ್ಲಿ ಒಂದು ಪೆಟ್ಟು ಹೆಚ್ಚು ಬಿತ್ತು. ಸಾಲಿಗೆ ಬಂದು ಸೇರಿದ್ದು ಒಂದು ಪೆಟ್ಟು ತಡವಾಗಿ. ಅತ್ತೆಗೆ ಗೊತ್ತಾಯಿತು. ಕಲಿತದ್ದನ್ನು ಮಾಡಿದಳು: ಅವರು ನಿಂತಲ್ಲಿ ನಿಂತು, ಅವರ ತಪ್ಪಿನ ಜಾಗವನ್ನೇ ಸರಿಯಾದ ಜಾಗ ಮಾಡಿಕೊಂಡು ತನ್ನ ಸರದಿ ಎತ್ತಿಕೊಂಡಳು. ತಲೆ ಎತ್ತಲಿಲ್ಲ. ಕಣ್ಣು ಮುಚ್ಚಿದಳು.

ಅವಳು ಕಣ್ಣು ಮುಚ್ಚಿದ್ದ ಹೊತ್ತಿಗೆ ವಿಶ್ವೇಶ್ವರರು ಅಚ್ಯುತ ಮಾಷರ ಮುಖ ನೋಡಿದರು. ಮಾಷ್ ಹುಬ್ಬು ಏರಿಸಿದರು. ವಿಶ್ವೇಶ್ವರರಿಗೆ ಅರ್ಥವಾಯಿತು. ಕೈಯನ್ನು ಮಡಿಲಲ್ಲಿ ಹಾಗೇ ಒಂದು ಗಳಿಗೆ ಅಡಗಿಸಿ, ಒಂದು ಪೆಟ್ಟು ನುಂಗಿ, ತಾಳವನ್ನು ಮತ್ತೆ ಸರಿದಾರಿಗೆ ತಂದುಬಿಟ್ಟರು. ಮೃದಂಗ ಅವಳಿಗೆ ತಿಳಿಯದಷ್ಟು ಮೆಲ್ಲಗೆ ಅವರ ಹಿಂದೆ ಹೋಯಿತು. ವೇದಿಕೆಯ ಮೇಲೆ ಎಲ್ಲರೂ ಮನೆ ಸೇರಿದ್ದರು, ಅತ್ತೆಯೊಬ್ಬಳನ್ನು ಬಿಟ್ಟು.

ಅವಳು ಚಂದವಾಗಿ ಸುತ್ತಿ ಸುತ್ತಿ ಬಂದು, ಅವರು ಬಿಟ್ಟುಹೋಗಿದ್ದ ಜಾಗಕ್ಕೆ ಬಂದು ಸೇರಿದಳು. ಸಭೆಯಲ್ಲಿ ‘ಅಯ್ಯೋ’ ಎನ್ನುವಂಥ ಉಸಿರು. ಕಣ್ಣು ತೆರೆದರೆ ವಿಶ್ವೇಶ್ವರರು ಅವಳ ಕಡೆ ಪೂರ್ತಿ ತಿರುಗಿ ಕೂತು, ತೊಡೆಯ ಮೇಲೆ ಪಟ್ ಪಟ್ ಎಂದು ದೊಡ್ಡದಾಗಿ ತಾಳ ಹೊಡೆಯುತ್ತಿದ್ದಾರೆ. ಈಗಷ್ಟೇ ಕಲಿಯಲು ಬಂದ ಮಕ್ಕಳಿಗೆ ದಾರಿ ತೋರಿಸಲು ಹೊಡೆಯುತ್ತಾರಲ್ಲ, ಹಾಗೆ. ಮುಖದಲ್ಲಿ ಸಣ್ಣ ನಗು. ಸಭೆಯ ಕಡೆ ನೋಡಿ, ಚಿಕ್ಕವಳು, ಹೋಗಲಿ ಎಂಬಂತೆ ತಲೆಯಾಡಿಸಿದರು. ಮುಂದಿನ ಸಾಲಿನ ಮೂವರೂ ಕಣ್ಣು ಕೆಳಗೆ ಹಾಕಿದರು.

ಕಚೇರಿ ಮುಗಿದು ಒಳಗಿನ ಕೋಣೆಗೆ ಬಂದಾಗ ಮೇಧಾ ಅತ್ತೆಯ ತೋಳು ಹಿಡಿದಳು.

“ಹೇಳೇ! ಈಗ್ಲೇ ಹೋಗಿ ಹೇಳು, ಅವ್ರು ತಪ್ಪಿದ್ದು ಅಂತ.”

“ಯಾರತ್ರ ಹೇಳುದು? ಹಾಡಿದವರು ತಪ್ಪಿದ್ರು ಅಂತ ಪಕ್ಕವಾದ್ಯದವಳು ಹೇಳಿಕೊಂಡು ತಿರುಗ್ಲಿಕ್ಕೆ ಉಂಟಾ? ಆಮೇಲೆ ಯಾರು ಕರೀತಾರೆ ನನ್ನನ್ನು?”

“ಈಗ ಯಾರು ಕರೀತಾರೆ?”

ಮೃದಂಗಕ್ಕೆ ಬಟ್ಟೆ ಸುತ್ತುತ್ತಿದ್ದ ಅಚ್ಯುತ ಮಾಷರ ಎದುರು ಹೋಗಿ ಅತ್ತೆ ನಿಂತಳು. ಬಾಯಿ ತೆರೆಯುವ ಮೊದಲೇ ಅವರು ಮಲಯಾಳದಲ್ಲಿ ಹೇಳಿದರು. “ಎನಿಕ್ಕರಿಯಾಂ, ಮೋಳೆ.” ನನಗೆ ಗೊತ್ತು ಮಗಳೇ ಎಂದು. ಅಷ್ಟು ಹೇಳಿ ಗಂಟು ಬಿಗಿದು, ಇನ್ನೂ ಒಂದು ಮಾತು: ಮುಂದಿನ ವಾರ ವಿಶ್ವೇಶ್ವರರ ಜೊತೆ ತನಗೆ ಎರಡು ಕಡೆ ನುಡಿಸಲಿಕ್ಕಿದೆ. ಮೃದಂಗ ಹೆಗಲಿಗೇರಿಸಿಕೊಂಡು ಹೋದರು.

ಮರುದಿನ ಬೆಳಗ್ಗೆ ತೀರ್ಮಾನ ಬಂತು. ಎರಡು ವರ್ಷ ಮೇಧಾಳಿಗೆ. ಹಿರಿಯರು ಕೊಟ್ಟ ಕಾರಣ ಇದು: ಹುಡುಗಿಗೆ ತಾಳ ಗಟ್ಟಿ, ಯಾರು ಅಲುಗಿಸಿದರೂ ಅಲುಗುವುದಿಲ್ಲ. ಪಾಠದಲ್ಲಿ ಒಂದು ಸಲವೂ ಜೊತೆಗೆ ಜಾರಲಾಗದೆ ಬೈಸಿಕೊಂಡವಳಿಗೆ ಆ ಮಾತು! ಮೇಧಾ ಬೇಡ ಎನ್ನಲಿಲ್ಲ. “ನಂಗೂ ಬೇಕಿತ್ತು, ತಗೊಂಡೆ,” ಎಂದಳು ನನಗೆ, ಮುಖ ತಿರುಗಿಸದೆ.

ಅತ್ತೆ ವಿಶ್ವೇಶ್ವರರ ಮನೆಗೆ ಹೋದಳು. ಅವರು ಇಡ್ಲಿ ತಿನ್ನುತ್ತಿದ್ದರು. ಕೂತ್ಕೋ ಎಂದರು. ಕೂರಲಿಲ್ಲ.

“ಸಾರ್, ನಿನ್ನೆ ನಾನು ಬಿಟ್ಟದ್ದಾ ತಾಳ?”

ಅವರು ಚಟ್ನಿಯ ಬಟ್ಟಲನ್ನು ಆ ಕಡೆ ಸರಿಸಿದರು. “ನೀನು ಬಿಡ್ಲಿಲ್ಲ ಮಗೂ. ನಾನು ಹೇಳ್ಕೊಟ್ಟ ಹಾಗೇ ನುಡಿಸ್ದೆ. ನಿನ್ನಂಥ ಪಕ್ಕವಾದ್ಯ ನನ್ ಜನ್ಮದಲ್ಲಿ ಸಿಕ್ಕಿರ್ಲಿಲ್ಲ.”

“ಹಾಗಾದ್ರೆ ಅವರಿಗೆ ಹೇಳಿ. ಅವರು ಮೂರೂ ಜನ ಇನ್ನೂ ಹೋಗ್ಲಿಲ್ಲ, ಮಧ್ಯಾಹ್ನದ ರೈಲಂತೆ.”

“ಏನಂತ ಹೇಳ್ಲಿ?”

“ಆದದ್ದು ಹೇಳಿ ಸಾರ್.”

ಅವರು ತಟ್ಟೆಯಲ್ಲೇ ಕೈ ತೊಳೆದರು. “ಶಿಬಿರದ ಮನೆ ನಡೀತಿರೋದು ನನ್ ಹೆಸರಿನ್ ಮೇಲೆ. ವಿಶ್ವೇಶ್ವರನಿಗೆ ತಾಳ ಹೋಯ್ತು ಅಂತ ಗೊತ್ತಾದ್ರೆ ಮುಂದಿನ್ ವರ್ಷ ಈ ಬೀದೀಲಿ ಶಿಬಿರಾನೇ ಇರಲ್ಲ. ನಿನ್ನೊಬ್ಬಳಿಗೋಸ್ಕರ ಮುಂದೆ ಬರೋ ಮಕ್ಕಳ ಬಾಗಿಲು ಮುಚ್ಚಲಾ?”

“ನನ್ನೊಬ್ಬಳ ಬಾಗಿಲು ಮುಚ್ಚಿದ್ರೆ ಅಡ್ಡಿ ಇಲ್ಲ, ಅಲ್ವಾ?”

“ಹಾಗನ್ಬೇಡ. ಓಣಂ ಹೊತ್ತಿಗೆ ಎರ್ಣಾಕುಳಂನಲ್ಲಿ ನಿಮ್ ಕನ್ನಡದವ್ರ ಕೂಟದಲ್ಲಿ ನನ್ ಕಚೇರಿ ಇದೆ. ನೀನೇ ಪಿಟೀಲು. ನಿಮ್ಮೂರು, ನಿಮ್ ಜನದ್ ಎದುರು. ಅಲ್ಲಿ ನಿನ್ನ ಎತ್ತಿ ಹಿಡೀತೀನಿ, ಸರಿನಾ?”

ಅತ್ತೆ ಸರಿ ಎಂದಳು. ಬೈದು ಬರಬಹುದಿತ್ತು, ಎಂದು ನಾನು ಕುದಿದೆ. ಮೇಧಾ ನನ್ನನ್ನು ನೋಡಿ, “ಸರಿ ಅನ್ನದೆ ಏನ್ ಮಾಡ್ತಾಳೋ? ಉಳಿದಿದ್ದು ಅದೊಂದೇ,” ಎಂದಳು.

ಹಿಂದಿರುಗುವ ರೈಲು ಕೊಲ್ಲಂ ದಾಟಿತು. ಅಜ್ಜ ಕೇಳಿದರು. “ಎಂತ ಆಯ್ತು ನಿನಗೆ? ಅಷ್ಟು ಜನರ ಎದುರು?”

“ಅವರು ತಪ್ಪಿದ್ದು ಅಪ್ಪ. ನಾನು ಅವರ ಜೊತೆ ಹೋದೆ. ಮತ್ತೆ ಅವರು ಸರಿ ಮಾಡಿಕೊಂಡ್ರು, ನನಗೆ ಗೊತ್ತಾಗ್ಲಿಲ್ಲ.”

“ಯಾರು, ವಿಶ್ವೇಶ್ವರರಾ?” ಅಜ್ಜ ಕಿಟಕಿಯಿಂದ ಮುಖ ಈಚೆ ತಂದರು. “ಅಂಥವರು ತಪ್ಪುದು, ನೀನು ತಿದ್ದುದು! ತಪ್ಪಿದ್ರೆ ತಪ್ಪಿದೆ ಅಂತ ಹೇಳು ರಾಜಿ, ನಾನೆಂತ ಹೊಡೀತೇನಾ? ದೊಡ್ಡವರ ಮೇಲೆ ಹಾಕ್ಬೇಡ.”

ಅವಳು ಸತ್ಯವನ್ನು ಬಾಯಿಬಿಟ್ಟು ಹೇಳಿದ್ದು ಆ ಒಂದೇ ಸಲ.

ಜೂನಿನಲ್ಲಿ ಅಂಬಲಮುಗಳಿಗೆ ಹೋಗಲು ಶುರು ಮಾಡಿದಳು. ತಗಡಿನ ಮಾಡಿನ ಆಫೀಸು, ಗಾಳಿ ಬೀಸಿದ ಕಡೆಯಿಂದ ರಿಫೈನರಿಯ ವಾಸನೆ. ಪಕ್ಕದ ಮೇಜಿನ ಜುಬೈದಾ ಅವಳ ಬೆರಳು ನೋಡಿ, “ಇಷ್ಟು ಗಡಸು ಬೆರಳಲ್ಲಿ ಟೈಪ್ ಮಾಡಿದರೆ ಮೆಷೀನಿಗೆ ನೋವಾದೀತು ಮೋಳೆ,” ಎಂದು ನಗಿಸುತ್ತಿದ್ದಳಂತೆ. ಅತ್ತೆ ನಗುತ್ತಿದ್ದಳು, ಸಂಜೆಯ ಬಸ್ಸು ಹಿಡಿದು ಮನೆಗೆ ಬಂದು ಪಿಟೀಲು ತೆಗೆಯುತ್ತಿದ್ದಳು. ವಿಶ್ವೇಶ್ವರರ ಶ್ರುತಿಗೇ ತಂತಿ ಇಳಿಸಿ, ಅವರು ಹಾಡುವ ಹಾಡುಗಳನ್ನೇ ನುಡಿಸುತ್ತಿದ್ದಳು. ಓಣಂಗೆ ಕಾಯುತ್ತಿದ್ದಳು.

ಎರ್ಣಾಕುಳಂನ ಆ ಕನ್ನಡದವರ ಕೂಟದ ಕಮಿಟಿಯಲ್ಲಿ ಅಜ್ಜನೂ ಇದ್ದರು. ಒಂದು ಸಂಜೆ ಆಮಂತ್ರಣ ಪತ್ರಿಕೆಗಳ ಕಟ್ಟನ್ನು ತಂದು ಮೇಜಿನ ಮೇಲಿಟ್ಟು, “ನೋಡು, ನಿನ್ನ ಫ್ರೆಂಡ್ ಬರ್ತಾಳೆ,” ಎಂದರು. ಗಾಯನ ವಿಶ್ವೇಶ್ವರ, ಪಿಟೀಲು ಮೇಧಾ, 
ಮೃದಂಗ ಅಚ್ಯುತ. ಅತ್ತೆ ಎಸ್‌ಟಿಡಿ ಬೂತಿಗೆ ಹೋಗಿ ತಿರುವನಂತಪುರಕ್ಕೆ ಫೋನು ಮಾಡಿದಳು. ವಿಶ್ವೇಶ್ವರರು ಹೇಳಿದ್ದು ಇಷ್ಟು. ನಿಮ್ಮ ಕಮಿಟಿಯವರೇ ಬೇಡವೆಂದರು ಮಗೂ. ಅವತ್ತು ತಾಳ ಬಿಟ್ಟಳಂತಲ್ಲ, ಓಣಂ ದಿನ ಅಪಾಯ ಯಾಕೆ ಎಂದರು. ನಾನೇನು ಹೇಳಲಿ?

ಕಮಿಟಿಗೆ ಆ ಸುದ್ದಿ ಒಯ್ದವರು ಯಾರು ಎಂದು ಅವಳು ಕೇಳಬೇಕಾಗಿರಲಿಲ್ಲ. ಮಗಳು ಕಲಿತದ್ದು ಸಾಲದು ಎಂದು ನಾಲ್ಕು ಜನರ ಎದುರು ತಾವೇ ಮೊದಲು ಹೇಳಿಬಿಡುವ ಅಪ್ಪಂದಿರಿರುತ್ತಾರಲ್ಲ, ನಮ್ಮ ಅಜ್ಜ ಆ ಜಾತಿ. ಅದನ್ನು ಅವರು ವಿನಯ ಎಂದುಕೊಂಡಿದ್ದರು.

ಕಚೇರಿಗೆ ಅತ್ತೆ ಹೋದಳು. ಸೀರೆ ಉಟ್ಟು, ಹೂ ಮುಡಿದು, ಅಜ್ಜನ ಪಕ್ಕದಲ್ಲಿ ಮೊದಲ ಸಾಲಿನಲ್ಲಿ ಕೂತಳು. ಮೊದಲ ಸಾಲಿನ ರಸಿಕರೆಲ್ಲ ತೊಡೆಯ ಮೇಲೆ ತಾಳ ಹಾಕುವುದು ರೂಢಿ. ವೇದಿಕೆಯ ಮೇಲಿನ ಕೈ ನೋಡಿಕೊಂಡು ಹಾಕುತ್ತಾರೆ. ಅತ್ತೆಯೂ ಹಾಕಿದಳು. ಅವಳು ಯಾರ ಕೈಯನ್ನೂ ನೋಡಲಿಲ್ಲ. ವಿಶ್ವೇಶ್ವರರ ಮುಖವನ್ನೇ ನೋಡುತ್ತ, ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿ ಎತ್ತಿ ಹಾಕಿದಳು. ಮೇಧಾ ಹೇಳುತ್ತಾಳೆ, ಆ ಕೈ ವೇದಿಕೆಯ ಮೇಲಿದ್ದ ತನಗೂ ನೆಟ್ಟಗೆ ಕಾಣುತ್ತಿತ್ತು ಎಂದು.

ದೊಡ್ಡ ಹಾಡಿನ ಸ್ವರದಲ್ಲಿ ವಿಶ್ವೇಶ್ವರರು ಜಾರಿದರು. ಈ ಸಲ ತಮಗೇ ಗೊತ್ತಾಗದ ಹಾಗೆ, ಒಂದು ಪೆಟ್ಟು ಪೂರ್ತಿ. ಮೊದಲ ಸಾಲಿನಲ್ಲಿ ಅತ್ತೆಯ ಕೈ ಮಾತ್ರ ಸರಿಯಾದ ತಾಳದಲ್ಲಿ ನಿಂತಿತ್ತು. ಪಿಟೀಲಿನ ಸರದಿ ಬಂತು. ಮೇಧಾಳ ಎದುರಿಗೆ ಎರಡು ಕೈಗಳು, ಎರಡು ತಾಳ. ಒಂದು ತನಗೆ ಇರಲು ಮನೆ ಕೊಟ್ಟವರದು, ಇನ್ನೊಂದು ತನ್ನ ಗೆಳತಿಯದು. ಶಿಬಿರದಲ್ಲಿ ಒಂದು ಸಲವೂ ಬಗ್ಗದ ಮೇಧಾ ಆ ದಿನ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ವಿಶ್ವೇಶ್ವರರ ಜೊತೆ ಜಾರಿದಳು. ಅಚ್ಯುತ ಮಾಷ್ ಕಣ್ಣು ಎತ್ತಲೂ ಇಲ್ಲ. ಎಲ್ಲರೂ ಒಟ್ಟಿಗೆ ತಪ್ಪು ಜಾಗದಲ್ಲಿ ಸೊಗಸಾಗಿ ಬಂದು ಸೇರಿದರು. ಸಭೆಗೆ ಏನೂ ಕೇಳಿಸಲಿಲ್ಲ. ಚಪ್ಪಾಳೆ ಬಿತ್ತು. ಸಾಲಿನ ರಸಿಕರ ಕೈಗಳೆಲ್ಲ ವೇದಿಕೆಯ ಕೈಯ ಹಿಂದೆ ಹೋಗಿದ್ದವು. ಅತ್ತೆಯೊಬ್ಬಳ ಕೈ ಎಲ್ಲರೂ ಎತ್ತುವಾಗ ಬೀಳುತ್ತ, ಎಲ್ಲರೂ ಬೀಳಿಸುವಾಗ ಏಳುತ್ತ ಇತ್ತು.

ಅಜ್ಜ ಬಗ್ಗಿ ಪಿಸುಗುಟ್ಟಿದರು. “ರಾಜಿ, ತಪ್ತಾ ಉಂಟು ನಿಂದು.” ಅವಳು ನಿಲ್ಲಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಜನ ನೋಡ್ತಾರೆ ಮಾರಾಯ್ತಿ, ಸಾಕು,” ಎಂದು ಅಜ್ಜ ತಮ್ಮ ಅಂಗೈಯನ್ನು ಅವಳ ಕೈಯ ಮೇಲಿಟ್ಟು ಅದುಮಿ ಹಿಡಿದರು. ಮಂಗಳ ಹಾಡುವವರೆಗೂ ಬಿಡಲಿಲ್ಲ.

ಆ ಬೇಸಿಗೆಯ ನಂತರ ಕೋಟೆಯ ಬೀದಿಯಲ್ಲಿ ಇನ್ನೂ ಕೆಲವು ವರ್ಷ ಶಿಬಿರ ನಡೆಯಿತು. ಮೇಧಾ ಹೆಸರು ಮಾಡಿದಳು. ಅತ್ತೆ ಪಿಟೀಲನ್ನು ತೃಪ್ಪೂಣಿತ್ತುರದ ಒಂದು ಶಾಲೆಗೆ ಕೊಟ್ಟುಬಿಟ್ಟಳು. ಅಜ್ಜ ಮಾತ್ರ ಮಾತು ನಿಲ್ಲಿಸಲಿಲ್ಲ. ಊರಿನಿಂದ ನೆಂಟರು ಬಂದಾಗಲೆಲ್ಲ, ಅತ್ತೆ ಅಡುಗೆಮನೆಯಿಂದ ಕಾಫಿ ತರುತ್ತಿರುವಾಗಲೇ, ಪ್ರೀತಿಯಿಂದ, ನಿಜವಾದ ಪ್ರೀತಿಯಿಂದಲೇ ಹೇಳುತ್ತಿದ್ದರು.

“ನಮ್ಮ ರಾಜಿಯ ಕೈ ಒಳ್ಳೇದಿತ್ತು ಮಾರಾಯ್ರೆ. ತಾಳ ಒಂದು ನಿಲ್ತಿರ್ಲಿಲ್ಲ.”

ಅತ್ತೆ ಕಾಫಿ ಕೊಟ್ಟು, ಸಕ್ಕರೆ ಸಾಕಾ ಎಂದು ಕೇಳುತ್ತಿದ್ದಳು.